ನಾಲ್ಕನೆಯ ಚಕ್ರ

2025ರ ದೀಪಾವಳಿ ಮುಗಿದ ಮೂರನೆಯ ದಿನ ಸಂಜೆ, ನಾನು ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅವಳು ಬಂದಳು. ಕೈಯಲ್ಲಿ ಒಂದು ಡಬ್ಬಿ ಕಜ್ಜಾಯ, ಕಂಕುಳಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಕಜ್ಜಾಯ ಹಬ್ಬದ್ದು, ಸರಿ. ನೋಟ್‌ಬುಕ್ಕು ಏಕೆ ಎಂದು ನಾನು ಕೇಳುವುದಕ್ಕೆ ಮೊದಲೇ, "ಮಿಸ್, ಒಂದು ಲೆಕ್ಕ ಇದೆ. ಸರಿಯಾಗಿದೆಯಾ ಸ್ವಲ್ಪ ನೋಡಿಕೊಡಿ" ಎಂದು ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ಬಿಡಿಸಿಟ್ಟಳು. ಅವಳು ನನ್ನ ವಿದ್ಯಾರ್ಥಿನಿಯಲ್ಲ. ಅವಳ ಗಂಡ ನನ್ನ ಹತ್ತಿರ ಸಮಾಜ ಪಾಠ ಕಲಿತವನು. ಅವನು 'ಮಿಸ್' ಎನ್ನುತ್ತಾನೆಂದು ಅವಳೂ ಹಾಗೆಯೇ ಕರೆಯುತ್ತಾಳೆ.

ಪುಟದಲ್ಲಿ ಸ್ಕೇಲಿನಿಂದ ಗೆರೆ ಎಳೆದು ನಾಲ್ಕು ಕಲಮು ಮಾಡಿದ್ದಳು. ಮೇಲೆ ದುಂಡಗಿನ ಅಕ್ಷರದಲ್ಲಿ ತಲೆಬರಹ: ಹಳೇ ಗಾಡಿ, ಪೆಟ್ರೋಲು, ಗ್ಯಾಸು, ಕರೆಂಟು.

ಹಳೇ ಗಾಡಿ ಎಂದರೆ 2008ರಲ್ಲಿ ಕೊಂಡ ಟಾಟಾ ಏಸ್. ನಮ್ಮ ತಿಪಟೂರಿನ ಎ.ಪಿ.ಎಂ.ಸಿ. ಯಾರ್ಡಿನಿಂದ ಕೊಬ್ಬರಿ ಮೂಟೆ, ಸಂತೆಯಿಂದ ತರಕಾರಿ, ಮದುವೆಮನೆಗೆ ಪಾತ್ರೆ, ಬಾಡಿಗೆ ಮನೆ ಬದಲಿಸುವವರ ಮಂಚ ಬೀರು, ಗಣಪತಿ ವಿಸರ್ಜನೆಗೆ ಗಣಪತಿ, ಹೀಗೆ ಏನು ಹೇಳಿದರೂ ಹೊತ್ತುಕೊಂಡು ಹದಿನೇಳು ವರ್ಷ ಓಡಾಡಿದೆ. ಅದನ್ನು ಇಟ್ಟುಕೊಳ್ಳಬೇಕೇ, ಮಾರಿ ಹೊಸದು ತರಬೇಕೇ, ತಂದರೆ ಯಾವುದು ಎಂಬುದು ಆ ಪುಟದ ಪ್ರಶ್ನೆ. ಅವಳು ಹೋದ ಮೇಲೆಯೂ ಆ ನಾಲ್ಕು ಕಲಮು ನನ್ನ ತಲೆಯಲ್ಲಿ ಉಳಿದವು. ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವಳು ನಾನು. ಹರಪ್ಪದ ಮಕ್ಕಳ ಮಣ್ಣಿನ ಗಾಡಿಯ ಚಿತ್ರ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ, ಕೊನಾರ್ಕದ ಕಲ್ಲಿನ ಚಕ್ರದ ಬಗ್ಗೆ ಐದು ಅಂಕದ ಪ್ರಶ್ನೆ ಕೊಟ್ಟಿದ್ದೇನೆ. ನಮ್ಮ ಮನೆಯ ಅಕ್ಕಿಮೂಟೆ ಬಾಗಿಲಿಗೆ ಬಂದದ್ದು ಯಾವ ಗಾಡಿಯಲ್ಲಿ ಎಂದು ಒಂದು ದಿನವೂ ಕೇಳಿದವಳಲ್ಲ.

ನಾನು ಹುಡುಗಿಯಾಗಿದ್ದಾಗ ಆ ಗಾಡಿಗೆ ಎರಡು ಎತ್ತು ಇರುತ್ತಿದ್ದವು. ಆಮೇಲೆ ಮೂರು ಚಕ್ರದ ಟೆಂಪೋ ಬಂತು. ಮುಂದೆ ಮೂತಿ ಚಾಚಿಕೊಂಡು, ಒಂದೇ ಒಂದು ಚಕ್ರದ ಮೇಲೆ ಬಾಗಿ, ಹಿಂದೆ ಮರದ ಹಲಗೆಯ ಪೆಟ್ಟಿಗೆ ಹೊತ್ತು ಬರುತ್ತಿದ್ದ ಆ ಗಾಡಿ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಅಪ್ಪನಿಗೆ ಕಡೂರಿನಿಂದ ವರ್ಗವಾದಾಗ ನಮ್ಮ ಸಂಸಾರವೆಲ್ಲ ಬಂದದ್ದು ಅದರಲ್ಲೇ. ಅಪ್ಪ ಡ್ರೈವರ್ ಪಕ್ಕ, ಅಮ್ಮ ಮತ್ತು ನಾವು ಮಕ್ಕಳು ಹಿಂದೆ ಪಾತ್ರೆ ಪಗಡದ ನಡುವೆ. ತಿರುವು ಬಂದಾಗಲೆಲ್ಲ ಗಾಡಿ ಒಂದು ಕಡೆಗೆ ವಾಲುತ್ತಿತ್ತು. ಅಮ್ಮ ಒಂದು ಕೈಯಲ್ಲಿ ದೇವರ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತಮ್ಮನ ರಟ್ಟೆ ಹಿಡಿದು ದಾರಿಯುದ್ದಕ್ಕೂ ಆಂಜನೇಯನನ್ನು ನೆನೆದಳು.

ಟೆಂಪೋ ಎನ್ನುವುದು ನಮಗೆ ಕನ್ನಡದ ಮಾತೇ ಆಗಿಹೋಗಿದೆ. ನಿಜಕ್ಕೆ ಅದು ಜರ್ಮನಿಯ ಹ್ಯಾಂಬರ್ಗಿನ ಒಂದು ಕಂಪನಿಯ ಗಾಡಿಯ ಹೆಸರು. ಎನ್.ಕೆ. ಫಿರೋಡಿಯಾ ಅವರು ಆ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು 1958ರಲ್ಲಿ ಬಜಾಜ್ ಟೆಂಪೋ ಎಂಬ ಕಂಪನಿ ಕಟ್ಟಿ, ಆ ಮೂರು ಚಕ್ರದ ಗಾಡಿಯನ್ನು ಇಲ್ಲಿ ತಯಾರಿಸತೊಡಗಿದರು. ಅದರ ಪೂರ್ತಿ ಹೆಸರು ಹ್ಯಾನ್ಸಿಯಾಟ್. ಅಷ್ಟು ದೊಡ್ಡ ಹೆಸರು ನಮ್ಮವರ ಬಾಯಿಗೆ ಬರಲಿಲ್ಲ, ಕಂಪನಿಯ ಹೆಸರೇ ಗಾಡಿಗೂ ನಿಂತಿತು. ಮುಂದೆ ಮೆಟಡಾರ್ ಬಂದರೂ, 1986ರಲ್ಲಿ ಟಾಟಾದವರ 407 ಬಂದರೂ, ನಮ್ಮ ಹೆಂಗಸರ ಬಾಯಲ್ಲಿ ಎಲ್ಲವೂ ಟೆಂಪೋ. ಆ ಎಂಬತ್ತರ ದಶಕದಲ್ಲಿ ಜಪಾನಿನ ಟೊಯೋಟಾ, ನಿಸಾನ್, ಮಜ್ದಾ, ಮಿತ್ಸುಬಿಷಿ ನಾಲ್ಕೂ ಇಲ್ಲಿನ ಕಂಪನಿಗಳ ಕೈಹಿಡಿದು ಸಣ್ಣ ಲಾರಿಗಳನ್ನು ತಂದವು. ಟಾಟಾದವರು ತಾವೇ ಮಾಡಿದ 407ನ್ನು ಅವುಗಳ ಎದುರು ನಿಲ್ಲಿಸಿದರು.

ಆದರೆ ಇವೆಲ್ಲ ಸಣ್ಣ ಲಾರಿ ಎಂದರೂ ಸಾಹುಕಾರರ ಗಾಡಿಗಳೇ. ಹತ್ತು ಮೂಟೆ ಈರುಳ್ಳಿಯನ್ನು ಸಂತೆಯಿಂದ ಓಣಿಯ ಅಂಗಡಿಗೆ ತರಬೇಕಾದವನಿಗೆ 407 ದೊಡ್ಡದು, ಬಾಡಿಗೆಯೂ ಜಾಸ್ತಿ. ಅವನಿಗೆ ಗತಿ ಮೂರು ಚಕ್ರದ ಲಗೇಜ್ ಆಟೋ ಮಾತ್ರ. ಅದು ಹೆಚ್ಚು ಹೊರುವುದಿಲ್ಲ, ಜೋರಾಗಿ ಓಡುವುದಿಲ್ಲ, ಹೆದ್ದಾರಿಗೆ ಇಳಿದರೆ ಪ್ರಾಣಭಯ. ಈ ಎರಡರ ನಡುವೆ ಒಂದು ಖಾಲಿ ಜಾಗ ಇತ್ತು. ಅದು ಕಣ್ಣಿಗೆ ಬೀಳಲು 2000ನೆಯ ಇಸವಿ ದಾಟಬೇಕಾಯಿತು.

2000-01ರಲ್ಲಿ ಟಾಟಾ ಮೋಟಾರ್ಸ್ ಐನೂರು ಕೋಟಿ ರೂಪಾಯಿಯಷ್ಟು ನಷ್ಟ ಅನುಭವಿಸಿತು. ಲಾರಿ ಎಂದರೆ ಟಾಟಾ ಎನ್ನುತ್ತಿದ್ದ ಕಾಲದಲ್ಲಿ ಅದು ಸಣ್ಣ ಪೆಟ್ಟಲ್ಲ. ದೊಡ್ಡ ಲಾರಿಯೊಂದನ್ನೇ ನಂಬಿ ಕೂತರೆ ಆಗದು ಎಂದು ರವಿ ಕಾಂತ್ ಎಂಬ ಹಿರಿಯ ಅಧಿಕಾರಿ ಹೊಸ ಸಣ್ಣ ಗಾಡಿಯ ಕೆಲಸವನ್ನು ಗಿರೀಶ್ ವಾಘ್ ಎಂಬ ಯುವ ಎಂಜಿನಿಯರಿಗೆ ಒಪ್ಪಿಸಿದರು. ನನಗೆ ಇಷ್ಟವಾದ ಸಂಗತಿ ಏನೆಂದರೆ, ಅವರ ತಂಡ ಮೊದಲು ಹೋದದ್ದು ಮೂರು ಚಕ್ರದ ಗಾಡಿ ಓಡಿಸುವವರ ಹತ್ತಿರ. ಸ್ಟ್ಯಾಂಡಿನಲ್ಲಿ, ಮಾರುಕಟ್ಟೆಯಲ್ಲಿ ಅವರ ಜೊತೆ ಕೂತು, ನಿಮಗೆ ಎಂಥ ಗಾಡಿ ಬೇಕು ಎಂದು ಕೇಳಿದರು. ಮೈಲೇಜು, ಬೆಲೆ, ಹೊರುವ ತೂಕ, ಇವೆಲ್ಲ ನಿರೀಕ್ಷಿಸಿದ ಉತ್ತರಗಳೇ. ಒಬ್ಬ ಡ್ರೈವರ್ ಮಾತ್ರ ಬೇರೆಯದನ್ನೇ ಹೇಳಿದನಂತೆ: ನಾಲ್ಕು ಚಕ್ರದ ಗಾಡಿಯಾದರೆ ಊರಿನಲ್ಲಿ ನನಗೆ ಒಳ್ಳೆಯ ಕಡೆಯ ಹೆಣ್ಣು ಸಿಗುತ್ತದೆ.

ಈ ಪ್ರಸಂಗವನ್ನು ವ್ಯಾಪಾರದ ಪಾಠ ಹೇಳುವವರು ಎಷ್ಟೋ ಕಡೆ ಹೇಳಿದ್ದಾರೆ, ಕೇಳಿದವರು ನಕ್ಕಿದ್ದಾರೆ. ನಾನು ಓದಿದಾಗ ನನಗೆ ನಗು ಬರಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ಗಾಡಿಗೆ ಎಂಜಿನ್ ಎಲ್ಲಿಂದ ತಂದರು ಎನ್ನುವುದು ಅಡುಗೆ ಮಾಡುವವರಿಗೆ ಚೆನ್ನಾಗಿ ಅರ್ಥವಾಗುವ ವಿಷಯ. ಟಾಟಾದವರ ಇಂಡಿಕಾ ಕಾರಿನಲ್ಲಿ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಇತ್ತು, 1405 ಸಿ.ಸಿ. ಅದನ್ನೇ ಅರ್ಧ ಮಾಡಿದರು. ಎಂಟು ಜನಕ್ಕೆ ಮಾಡುವ ಸಾರನ್ನು ನಾಲ್ಕು ಜನಕ್ಕೆ ಇಳಿಸಿದ ಹಾಗೆ, ಎರಡು ಸಿಲಿಂಡರು, 702 ಸಿ.ಸಿ., 16 ಕುದುರೆ ಶಕ್ತಿ. ಅರ್ಧ ಮಾಡಿದ ಸಾರಿನಲ್ಲಿ ಉಪ್ಪು ಹುಳಿಯ ಹದ ಕೆಡುವಂತೆ ಅರ್ಧ ಮಾಡಿದ ಎಂಜಿನ್ನಿಗೂ ನಡುಕ ಜಾಸ್ತಿ. ಏಸ್ ಬೀದಿಯ ತಿರುವಿನಲ್ಲಿದೆ ಎಂದು ನಮಗೆ ಮನೆಯೊಳಗೇ ಗೊತ್ತಾಗುವುದು ಆ ಗಡಗಡ ಸದ್ದಿನಿಂದ. 2005ರ ಮೇ ತಿಂಗಳಲ್ಲಿ ಗಾಡಿ ಹೊರಬಂತು. ಬೆಲೆ ಸುಮಾರು ಎರಡೂಕಾಲು ಲಕ್ಷ ರೂಪಾಯಿ, ಹೊರುವ ತೂಕ ಮುಕ್ಕಾಲು ಟನ್. ಕಾಗದದ ಮೇಲೆ ಮುಕ್ಕಾಲು ಟನ್ ಅನ್ನಿ. ಅಷ್ಟಕ್ಕೇ ನಿಲ್ಲಿಸಿದ ಏಸನ್ನು ನಮ್ಮ ಯಾರ್ಡಿನಲ್ಲಿ ನಾನು ಕಂಡಿಲ್ಲ.

ಬಜಾಜ್ ಟೆಂಪೋ ಕಂಪನಿ ತನ್ನ ಹೆಸರು ಬದಲಿಸಿ ಫೋರ್ಸ್ ಮೋಟಾರ್ಸ್ ಆದದ್ದೂ ಅದೇ 2005ರಲ್ಲಿ. ಟೆಂಪೋ ಎಂಬ ಹೆಸರು ಬೋರ್ಡಿನಿಂದ ಇಳಿದ ವರ್ಷವೇ ಅದರ ಕೆಲಸ ಮಾಡುವ ಇನ್ನೊಂದು ಗಾಡಿ ರಸ್ತೆಗೆ ಇಳಿಯಿತು. ಪಾಠದ ಪುಸ್ತಕದಲ್ಲಿ ಒಂದು ರಾಜವಂಶ ಮುಗಿದು ಇನ್ನೊಂದು ಶುರುವಾಗುವುದನ್ನು ಇಸವಿ ಸಮೇತ ಬಾಯಿಪಾಠ ಮಾಡಿಸುತ್ತೇವಲ್ಲ, ಹಾಗೆ. ಹಿಂದಿಯವರು ಹೊಸ ಗಾಡಿಯನ್ನು ಛೋಟಾ ಹಾಥಿ ಎಂದರು, ತಮಿಳರು ಕುಟ್ಟಿ ಯಾನೈ ಎಂದರು. ಎರಡಕ್ಕೂ ಅರ್ಥ ಆನೆಮರಿ ಎಂದೇ. ನಾವು ಸುಮ್ಮನೆ ಟಾಟಾ ಏಸ್ ಎಂದೆವು.

ಈಗ ಆ ಹೆಣ್ಣಿನ ಮಾತಿಗೆ ಬರುತ್ತೇನೆ. ನನ್ನ ಈ ವಿದ್ಯಾರ್ಥಿ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಮತ್ತು ಇಂಗ್ಲಿಷಿನಲ್ಲಿ ಫೇಲಾದವನು. ಎರಡು ಸಲ ಕಟ್ಟಿಸಿದರೂ ಪಾಸಾಗಲಿಲ್ಲ. ಯಾರ್ಡಿನಲ್ಲಿ ಮೂಟೆ ಹೊತ್ತ, ಬೇರೆಯವರ ಲಗೇಜ್ ಆಟೋ ಓಡಿಸಿದ. 2008ರಲ್ಲಿ ಸಾಲ ಮಾಡಿ ಏಸ್ ಕೊಂಡು, ಹೂವಿನ ಹಾರ ಹಾಕಿಸಿಕೊಂಡ ಗಾಡಿಯನ್ನು ನನ್ನ ಮನೆಯ ಮುಂದೆ ನಿಲ್ಲಿಸಿ, "ಮಿಸ್, ಒಂದು ನಿಂಬೆಹಣ್ಣು ನಿಮ್ಮ ಕೈಯಿಂದ ಇಡಿ" ಎಂದ. ಇಟ್ಟೆ. ಮುಂದಿನ ವರ್ಷ ಚಿಕ್ಕನಾಯಕನಹಳ್ಳಿ ಕಡೆಯಿಂದ ಗಂಡಹೆಂಡತಿ ಇಬ್ಬರು ನನ್ನನ್ನು ಹುಡುಕಿಕೊಂಡು ಶಾಲೆಗೇ ಬಂದರು. ಅವರ ಮಗಳಿಗೆ ಇವನನ್ನು ಕೇಳಿದ್ದರಂತೆ. ಹುಡುಗ ಹೇಗೆ, ಕುಡಿತ ಇದೆಯಾ ಎಂದು ವಿಚಾರಿಸಿದ ಮೇಲೆ ತಾಯಿ ಮೆಲ್ಲಗೆ, "ಆಟೋ ಅಲ್ಲವಂತಲ್ಲ ಮೇಡಂ, ನಾಲ್ಕು ಚಕ್ರದ ಗಾಡಿಯಂತೆ? ಸ್ವಂತದ್ದೇ ತಾನೇ?" ಎಂದು ಕೇಳಿದರು.

ಸ್ವಂತದ್ದೇ ಎಂದೆ. ಸಾಲ ತೀರುವವರೆಗೆ ಗಾಡಿ ಅರ್ಧ ಫೈನಾನ್ಸಿನವರದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹುಡುಗ ಒಳ್ಳೆಯವನು, ಎಲ್ಲರಿಗೂ ಸಾಲ ಇದ್ದೇ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹುಡುಗಿ ಪಿ.ಯು.ಸಿ. ಪಾಸಾದವಳು. ಮೂರು ಚಕ್ರವಾಗಿದ್ದರೆ ಅವರು ಕೊಡುತ್ತಿರಲಿಲ್ಲ. ಆ ನಾಲ್ಕನೆಯ ಚಕ್ರದ ಮೇಲೆ ಕೂತೇ ಅವಳು ನಮ್ಮೂರಿಗೆ ಬಂದದ್ದು. ಪುಣೆಯ ಎಂಜಿನಿಯರುಗಳಿಗೆ ಆ ಡ್ರೈವರ್ ಹೇಳಿದ್ದು ಅಕ್ಷರಶಃ ನಿಜ ಎನ್ನುವುದಕ್ಕೆ ನಾನೇ ಸಾಕ್ಷಿ. ಅದಕ್ಕೇ ನನಗೆ ನಗು ಬರಲಿಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ ಮಳೆ ಕೈಕೊಟ್ಟು, ಬಾಡಿಗೆ ಕಡಿಮೆಯಾಗಿ ಮೂರು ಕಂತು ನಿಂತವು. ಫೈನಾನ್ಸಿನವರು ಬೆಳಗಿನ ಜಾವ ಬಂದು ಗಾಡಿ ಸೀಜ್ ಮಾಡಿಕೊಂಡು ಹೋದರು. ಅವಳು ಐದು ತಿಂಗಳ ಬಸುರಿ. ತವರಿನಿಂದ ತಂದ ಎರಡೆಳೆ ಸರ, ಓಲೆ, ನಾಲ್ಕು ಬಳೆ ಎಲ್ಲ ಅಡವಿಟ್ಟು ಗಾಡಿ ಬಿಡಿಸಿಕೊಂಡು ಬಂದಳು. ಆಮೇಲೆ ಸರ ಬಿಡಿಸಿಕೊಂಡರು. ಬಳೆ ಮಾತ್ರ ಹರಾಜಿಗೆ ಹೋದವು. ಅವಳು ಅದನ್ನು ನನ್ನ ಹತ್ತಿರ ಯಾವತ್ತೂ ದೂರಿನ ಧಾಟಿಯಲ್ಲಿ ಹೇಳಿಲ್ಲ. ಆದರೆ ಅವಳ ಬರಿಗೈಯಲ್ಲಿ ಗಾಜಿನ ಬಳೆ ಸದ್ದು ಮಾಡಿದಾಗಲೆಲ್ಲ ನಾನು ಅಂದು ನುಂಗಿಕೊಂಡ ಮಾತು ನೆನಪಾಗುತ್ತದೆ.

ಇನ್ನೊಂದು ತಪ್ಪನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಇಪ್ಪತ್ತೆರಡು ಹುಡುಗಿಯರನ್ನು ಇದೇ ಏಸಿನ ಹಿಂದೆ ನಿಲ್ಲಿಸಿಕೊಂಡು ಹೋಗಿದ್ದೆ. ಬಸ್ಸು ಸಿಗಲಿಲ್ಲ, ಹೊತ್ತಾಗಿತ್ತು ಎಂಬ ನೆಪ. ಸರಕು ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಏನೂ ಆಗಲಿಲ್ಲ, ಮಕ್ಕಳು ಹಾಡು ಹೇಳುತ್ತಾ ಹೋಗಿ ಕಪ್ಪು ಗೆದ್ದು ಬಂದರು. ಕೂಲಿಗೆ ಹೋಗುವ ಹೆಂಗಸರು ಸರಕು ಗಾಡಿ ಮಗುಚಿ ಸತ್ತರು ಎಂದು ಪೇಪರಿನಲ್ಲಿ ಓದಿದ ದಿನಗಳಲ್ಲಿ ಆ ಇಪ್ಪತ್ತೆರಡು ಮುಖ ಕಣ್ಣ ಮುಂದೆ ಬರುತ್ತದೆ. ಜನರನ್ನು ಕೂರಿಸುವುದಕ್ಕೆಂದೇ ಇದೇ ಗಾಡಿಯಿಂದ ಮ್ಯಾಜಿಕ್ ಎಂಬುದನ್ನು ಕಂಪನಿ 2007ರಲ್ಲಿ ತಂದಿತ್ತು. ಆದರೂ ಮದುವೆ ದಿಬ್ಬಣ, ಜಾತ್ರೆ, ಕಳೆ ಕೀಳುವ ಆಳುಗಳು ಹತ್ತುವುದು ಸರಕಿನ ಗಾಡಿಯನ್ನೇ. ಬಾಡಿಗೆ ಕಡಿಮೆ, ಜಾಗ ಹೆಚ್ಚು.

ಗಾಡಿಯ ಅದೃಷ್ಟ ಮಾತ್ರ ಏರುತ್ತಲೇ ಹೋಯಿತು. ಉತ್ತರಾಖಂಡದ ಪಂತನಗರದಲ್ಲಿ ಅದಕ್ಕಾಗಿ ಕಾರ್ಖಾನೆ ಎದ್ದಿತು. ನಮ್ಮ ಧಾರವಾಡದಲ್ಲೂ 2012ರ ಹೊತ್ತಿಗೆ ಇದರ ತಮ್ಮನಂಥ ಏಸ್ ಝಿಪ್ ತಯಾರಾಗತೊಡಗಿತು. ಮಹೀಂದ್ರದವರು, ಅಶೋಕ್ ಲೇಲ್ಯಾಂಡಿನವರು, ಕೊನೆಗೆ ಮಾರುತಿಯವರೂ ಸಣ್ಣ ಗಾಡಿ ಮಾಡಿದರು. ಇದರ ನಡುವೆ ಒಂದು ವಿಚಿತ್ರ ನಡೆಯಿತು. ಏಸ್ ಮಾಡಿದ ಅದೇ ಗಿರೀಶ್ ವಾಘ್ ಅವರ ಕೈಗೆ ಕಂಪನಿ ನ್ಯಾನೋ ಕಾರಿನ ಕೆಲಸ ಕೊಟ್ಟಿತು. ಒಂದು ಲಕ್ಷದ ಕಾರು ಎಂದು ಪ್ರಪಂಚವೇ ತಿರುಗಿ ನೋಡಿತು. 2009ರಲ್ಲಿ ಬಂದದ್ದು ಸುಮಾರು ಹತ್ತು ವರ್ಷಕ್ಕೆ ನಿಂತುಹೋಯಿತು. ಅದಕ್ಕೆ ಕಾರಣ ಹಲವು ಹೇಳುತ್ತಾರೆ. ನಾನು ಕಂಡಂತೆ, ನಮ್ಮ ಬೀದಿಯಲ್ಲಿ ನ್ಯಾನೋ ಕೊಂಡ ಒಬ್ಬರ ಹೆಂಡತಿ ಅದರಲ್ಲಿ ಕೂತು ಮದುವೆಗೆ ಹೋಗಲು ಒಪ್ಪುತ್ತಿರಲಿಲ್ಲ. ಅಗ್ಗದ ಕಾರು ಎಂಬ ಹಣೆಪಟ್ಟಿ ಅವರಿಗೆ ಬೇಕಿರಲಿಲ್ಲ. ಏಸ್ ಕೂಡ ಅಗ್ಗವೇ. ಆದರೆ ಅದು ದುಡಿದು ತರುವ ಗಾಡಿ. ಹೊಲದಲ್ಲಿ ದುಡಿಯುವ ಎತ್ತನ್ನು ಯಾರೂ ಅಗ್ಗದ್ದು ಎಂದು ಹೀಗಳೆಯುವುದಿಲ್ಲ.

ಹೊಡೆತ ಬಿದ್ದದ್ದು 2020ರಲ್ಲಿ, ಎರಡು ಕಡೆಯಿಂದ ಒಟ್ಟಿಗೆ. ಆ ವರ್ಷದ ಏಪ್ರಿಲ್ ಒಂದರಿಂದ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಗೆ ಬಂತು. ಡೀಸೆಲ್ ಹೊಗೆಯನ್ನು ಅಷ್ಟು ಶುದ್ಧ ಮಾಡಲು ಬೇಕಾಗುವ ಸಾಮಾನುಗಳು ದೊಡ್ಡ ಲಾರಿಯ ಬೆಲೆಯಲ್ಲಿ ಕಾಣುವುದಿಲ್ಲ, ಇಂಥ ಪುಟ್ಟ ಗಾಡಿಯ ಬೆಲೆಯಲ್ಲಿ ಎದ್ದು ಕಾಣುತ್ತವೆ. ಆದ್ದರಿಂದಲೇ ಏಸಿನಲ್ಲೂ ಪೆಟ್ರೋಲು, ಸಿ.ಎನ್.ಜಿ. ಗಾಡಿಗಳು ಮುಂದೆ ಬಂದವು. ಇನ್ನೊಂದು ಹೊಡೆತ ಕೊರೊನಾ. ಲಾಕ್‌ಡೌನಿನಲ್ಲಿ ಮದುವೆ ಇಲ್ಲ, ಸಂತೆ ಇಲ್ಲ, ಮನೆ ಬದಲಿಸುವವರಿಲ್ಲ. ಇವನ ಗಾಡಿಯ ಸಾಲ ಅಷ್ಟು ಹೊತ್ತಿಗೆ ತೀರಿತ್ತು, ಉಳಿದುಕೊಂಡ. ತರಕಾರಿ ತುಂಬಿಕೊಂಡು ಬೀದಿ ಬೀದಿಗೆ ಬಂದ, ತಕ್ಕಡಿ ಹಿಡಿದವಳು ಅವಳು. ಹೊಸ ಗಾಡಿ ಕೊಂಡು ಕಂತು ಕಟ್ಟಲಾರದೆ ಕಳೆದುಕೊಂಡವರು ಅವನ ಸ್ಟ್ಯಾಂಡಿನಲ್ಲೇ ಇಬ್ಬರಿದ್ದರು.

ಆಮೇಲೆ ಕರೆಂಟಿನ ಗಾಡಿ. 2022ರ ಮೇ ತಿಂಗಳಲ್ಲಿ ಏಸ್ ಇ.ವಿ. ಪ್ರದರ್ಶನವಾಯಿತು, ಮುಂದಿನ ಜನವರಿಯಿಂದ ಗಿರಾಕಿಗಳಿಗೆ ಸಿಕ್ಕಿತು. ಬೆಲೆ ಹತ್ತು ಲಕ್ಷದ ಹತ್ತಿರ. ಅದನ್ನು ಕೊಂಡದ್ದು ಹೆಚ್ಚಾಗಿ ಮನೆ ಬಾಗಿಲಿಗೆ ಸಾಮಾನು ತಲುಪಿಸುವ ದೊಡ್ಡ ಕಂಪನಿಗಳು. ನಮ್ಮ ಸ್ಟ್ಯಾಂಡಿನವರಿಗೆ ಅದು ಅಂಗಡಿ ಗಾಜಿನೊಳಗಿನ ರೇಷ್ಮೆ ಸೀರೆ. ಅಷ್ಟರಲ್ಲಿ ತಮಾಷೆ ನೋಡಿ, ಏಸ್ ಯಾರನ್ನು ಓಡಿಸಿತ್ತೋ ಆ ಮೂರು ಚಕ್ರದ ಲಗೇಜ್ ಆಟೋ ಬ್ಯಾಟರಿ ಹಾಕಿಕೊಂಡು ಹಿಂತಿರುಗಿತು. ಸದ್ದಿಲ್ಲ, ಹೊಗೆಯಿಲ್ಲ, ಬೆಲೆ ಕಡಿಮೆ. ಬೆಂಗಳೂರಿನ ಓಣಿಗಳಲ್ಲಿ ಅವು ಸಾಲುಸಾಲಾಗಿ ಹೋಗುವುದನ್ನು ಮಗಳ ಮನೆಯ ಬಾಲ್ಕನಿಯಿಂದ ನೋಡಿದ್ದೇನೆ. ನಾಲ್ಕನೆಯ ಚಕ್ರಕ್ಕೆ ಇಪ್ಪತ್ತು ವರ್ಷದಲ್ಲೇ ಇಂಥ ಸವತಿ ಬರುತ್ತಾಳೆಂದು ಯಾರು ಎಣಿಸಿದ್ದರು?

2025ರಲ್ಲಿ ಏಸಿಗೆ ಇಪ್ಪತ್ತು ತುಂಬಿತು. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಗಾಡಿ ಮಾರಿದ್ದೇವೆ ಎಂದು ಕಂಪನಿ ಹೇಳಿತು. ಆ ಜೂನಿನಲ್ಲಿ ಏಸ್ ಪ್ರೊ ಎಂಬ ಹೊಸ ಗಾಡಿ ಬಿಟ್ಟಿತು. ಹೊರುವ ತೂಕ ಮೊದಲಿನ ಏಸಿನಷ್ಟೇ, ಮುಕ್ಕಾಲು ಟನ್. ಪೆಟ್ರೋಲಿನದು 3.99 ಲಕ್ಷ, ಪೆಟ್ರೋಲು ಗ್ಯಾಸು ಎರಡೂ ಇರುವುದು 4.99 ಲಕ್ಷ, ಕರೆಂಟಿನದು 6.50 ಲಕ್ಷ. ಹಳೆಯ ಗಡಗಡ ಡೀಸೆಲ್ ಇದರಲ್ಲಿ ಇಲ್ಲ. ಡೀಸೆಲ್ ಬೇಕೆನ್ನುವವರಿಗೆ ಸೆಪ್ಟೆಂಬರಿನಲ್ಲಿ ಏಸ್ ಗೋಲ್ಡ್ ಪ್ಲಸ್ ಬಂತು, ಐದೂವರೆ ಲಕ್ಷ. ಅದೇ ತಿಂಗಳ 22ರಿಂದ ಸರಕು ಗಾಡಿಗಳ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಟಾಟಾದವರು ಕಾರು ಬೇರೆ, ಲಾರಿ ಬೇರೆ ಎಂದು ಕಂಪನಿಯನ್ನೇ ಪಾಲು ಮಾಡಿಕೊಂಡರು. ಲಾರಿಯ ಪಾಲಿಗೆ ಯಜಮಾನರಾಗಿ ಬಂದವರು ಅದೇ ಗಿರೀಶ್ ವಾಘ್. ಸ್ಟ್ಯಾಂಡಿನಲ್ಲಿ ಕೂತು ಡ್ರೈವರುಗಳ ಮಾತು ಕೇಳಿದವರು ಅವರು. ಈಗಲೂ ಕೇಳಿಸಿಕೊಂಡರೆ ಒಳ್ಳೆಯದು. ಆದರೆ ಈ ಸಲ ಅವರು ಸ್ಟ್ಯಾಂಡಿಗೆ ಹೋದರೆ ಸಾಲದು, ಡ್ರೈವರುಗಳ ಮನೆಗೂ ಹೋಗಬೇಕು ಎಂದು ಆ ನೋಟ್‌ಬುಕ್ಕು ನೋಡಿದಾಗ ನನಗೆ ಅನ್ನಿಸಿತು.

ಅವಳ ಲೆಕ್ಕ ಹೀಗಿತ್ತು. ಹಳೇ ಗಾಡಿಗೆ ವರ್ಷ ವರ್ಷವೂ ಎಫ್.ಸಿ. ಮಾಡಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗಳ ಎಫ್.ಸಿ. ಶುಲ್ಕ 2022ರಿಂದ ಏರಿದೆ. ಎಂಜಿನ್ ಒಮ್ಮೆ ಬಿಚ್ಚಿಸಿಯಾಗಿದೆ, ಇನ್ನೊಮ್ಮೆ ಬಿಚ್ಚಿಸಬೇಕು. ಆದರೆ ಕಂತಿಲ್ಲ. ಆ 'ಕಂತಿಲ್ಲ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಪೆಟ್ರೋಲಿನ ಕಲಮಿನಲ್ಲಿ 3.99 ಎಂದು ಬರೆದು ಹೊಡೆದುಹಾಕಿ, ತೆರಿಗೆ ಇಳಿದ ಮೇಲಿನ ಬೆಲೆ ಬರೆದಿದ್ದಳು. ಗ್ಯಾಸಿನ ಕಲಮಿಗೆ ಒಂದೇ ವಾಕ್ಯ: "ಸಾಲಿನಲ್ಲಿ ನಿಂತ ಹೊತ್ತಿಗೆ ಬಾಡಿಗೆ ಯಾರು ಕೊಡುತ್ತಾರೆ?" ಕರೆಂಟಿನ ಕಲಮು ಎಲ್ಲಕ್ಕಿಂತ ಉದ್ದ. ಬ್ಯಾಟರಿ 14.4 ಯೂನಿಟ್ಟಿನದು, ಒಮ್ಮೆ ತುಂಬಿಸಿದರೆ 155 ಕಿಲೋಮೀಟರು ಎಂದು ಕಂಪನಿಯವರ ಮಾತು. ಊರೊಳಗಿನ ಓಡಾಟಕ್ಕೆ ಧಾರಾಳ. ತುಮಕೂರಿಗೆ ಹೋಗಿ ಬಂದರೆ ಹತ್ತಿರ ಹತ್ತಿರ ನೂರೈವತ್ತಾಗುತ್ತದೆ. ಲೋಡು ಇದ್ದರೆ? ಗುಬ್ಬಿ ದಾಟಿದ ಮೇಲೆ ನಿಂತರೆ? ಪ್ರಶ್ನಾರ್ಥಕ ಚಿಹ್ನೆ ದಪ್ಪಗೆ ಹಾಕಿದ್ದಳು.

ಅದರ ಕೆಳಗಿನ ಸಾಲು ನೋಡಿ ನಾನು ಕನ್ನಡಕ ಸರಿಮಾಡಿಕೊಂಡೆ. ದಿನಕ್ಕೆ 14.4 ಯೂನಿಟ್ಟು, ತಿಂಗಳಿಗೆ ಇಪ್ಪತ್ತೈದು ದಿನ ಮನೆಯಲ್ಲೇ ಚಾರ್ಜ್ ಮಾಡಿದರೆ 360 ಯೂನಿಟ್ಟು. ಗೃಹಜ್ಯೋತಿ ಇರುವುದು ಇನ್ನೂರರ ಒಳಗೆ. 2023ರಿಂದ ಸೊನ್ನೆ ಬರುತ್ತಿದ್ದ ಮನೆಯ ಬಿಲ್ಲು ಹೋಯಿತು. "ಡೀಸೆಲ್ ದುಡ್ಡು ಉಳಿಯುತ್ತೆ ಅಂತ ಇವರು ಕುಣೀತಾರೆ ಮಿಸ್. ಫ್ಯಾನು ಲೈಟಿಗೂ ದುಡ್ಡು ಕಟ್ಟಬೇಕಾಗುತ್ತೆ ಅನ್ನೋದು ಇವರ ಲೆಕ್ಕದಲ್ಲಿ ಇಲ್ಲ" ಎಂದಳು. ಮೊನ್ನೆ ತಾನೇ ಇಂಜಿನಿಯರಿಂಗ್ ಓದಿದ ನನ್ನ ಅಳಿಯನ ಹತ್ತಿರ ಇದೇ ಗಾಡಿಯ ಬಗ್ಗೆ ಅರ್ಧ ಗಂಟೆ ಕೇಳಿದ್ದೆ. ಈ ಮಾತು ಅವನಿಗೂ ಹೊಳೆದಿರಲಿಲ್ಲ. ಆದರೂ ಕೂಡಿ ಕಳೆದು ನೋಡಿದರೆ, ಬಿಲ್ಲು ಕಟ್ಟಿಯೂ ಡೀಸೆಲ್‌ಗಿಂತ ಕರೆಂಟೇ ಸೋವಿ. ಮೊದಲು ಕೈಯಿಂದ ಹಾಕಬೇಕಾದ ಹಣವೇ ದೊಡ್ಡದು. ಬ್ಯಾಟರಿಗೆ ವಯಸ್ಸಾದಾಗ ಏನು ಗತಿ ಎಂಬುದಕ್ಕೆ ಅವಳ ಹತ್ತಿರವೂ ಕಲಮಿರಲಿಲ್ಲ.

ಲೆಕ್ಕದಲ್ಲಿ ಒಂದೇ ಒಂದು ಕೂಡುವ ತಪ್ಪಿತ್ತು, ತಿದ್ದಿದೆ. ನೋಟ್‌ಬುಕ್ಕು ಮುಚ್ಚಲು ಹೋದರೆ ಅವಳು ಕೈ ಅಡ್ಡ ಇಟ್ಟು ಪುಟ ತಿರುಗಿಸಿದಳು. ಅಲ್ಲಿ ಮುಂಗಡದ ಲೆಕ್ಕ. ಹಳೇ ಗಾಡಿ ಮಾರಿದರೆ ಬರುವುದು ಇಷ್ಟು. ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟದ್ದು ಇಷ್ಟು. ಸಂಘದಲ್ಲಿ ಅವಳ ಉಳಿತಾಯ ಇಷ್ಟು, ಸಂಘದ ಸಾಲ ಇಷ್ಟು. ಸರ ಮತ್ತೆ ಅಡವಿಟ್ಟರೆ ಇಷ್ಟು. ಗಂಡನ ಕಡೆಯಿಂದ ಎಂದರೆ ಹಳೇ ಗಾಡಿಯೊಂದೇ. ಉಳಿದದ್ದೆಲ್ಲ ಅವಳದು. ಪುಟದ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, "ಆರ್.ಸಿ. ಯಾರ ಹೆಸರಿಗೆ?" ಎಂದು ಬರೆದಿದ್ದಳು.

"ಇದನ್ನು ನೀವು ಅವರ ಹತ್ತಿರ ಮಾತಾಡಬೇಕು ಮಿಸ್" ಎಂದಳು. "ಆವಾಗ ನಮ್ಮ ಅಪ್ಪ ಅಮ್ಮನಿಗೆ ಸ್ವಂತ ಗಾಡಿ ಅಂತ ಹೇಳಿದ್ದು ನೀವೇ ಅಂತಲ್ಲ. ಅಮ್ಮ ಈಗಲೂ ಹೇಳ್ತಾರೆ." ಅವಳ ಮುಖದಲ್ಲಿ ಆಕ್ಷೇಪಣೆ ಇರಲಿಲ್ಲ. ನಾನು ಮಾತ್ರ ಕಜ್ಜಾಯದ ಡಬ್ಬಿ ಖಾಲಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಮುಂದಿನ ಭಾನುವಾರ ಅವನನ್ನು ಕರೆಸಿದೆ. ನಲವತ್ತು ದಾಟಿದ ಗಂಡಸು, ತಲೆ ಅರ್ಧ ನರೆತಿದೆ, ನನ್ನ ಮುಂದೆ ಈಗಲೂ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ. ಯಾವ ಗಾಡಿ ಎಂಬ ವಿಷಯದಲ್ಲಿ ಅವನಿಗೆ ತಕರಾರಿರಲಿಲ್ಲ. ಅವಳು ಹೇಳಿದ ಪೆಟ್ರೋಲಿನದೇ ಸರಿ, ಕರೆಂಟಿನದು ಮಗನ ಕಾಲಕ್ಕೆ ಆಯಿತು ಎಂದ. ಹೆಸರಿನ ಮಾತು ಎತ್ತಿದಾಗ ನಕ್ಕುಬಿಟ್ಟ. "ಹೆಸರಲ್ಲೇನಿದೆ ಮಿಸ್, ಯಾರದಾದರೂ ಒಂದೇ. ಸ್ಟ್ಯಾಂಡಿನಲ್ಲಿ ನಗ್ತಾರೆ ಅಷ್ಟೆ."

"ಒಂದೇ ಆದರೆ ಅವಳದೇ ಇರಲಿ ಕಣೋ. ಸೀಜ್ ಆದ ದಿನ ಬಿಡಿಸಿಕೊಂಡು ಬಂದವಳು ಅವಳು ತಾನೇ?"

ಅವನು ಮಾತಾಡಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಎದ್ದು ನಿಂತು, "ಯೋಚನೆ ಮಾಡ್ತೀನಿ ಮಿಸ್" ಎಂದು ಹೊರಗೆ ಹೋದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಲಿಲ್ಲ. ಮೂರನೆಯ ಸಲಕ್ಕೆ ಆ ಅರ್ಧ ಎಂಜಿನ್ನು ಗಡಗಡಿಸಿತು. ಅದರ ಹಿಂದಿನ ಹಲಗೆಯ ಮೇಲೆ 2008ರಲ್ಲಿ ಬರೆಸಿದ 'ತಾಯಿಯ ಆಶೀರ್ವಾದ' ಅರ್ಧ ಅಳಿಸಿಹೋಗಿದೆ. ಎಫ್.ಸಿ.ಗೆ ಇನ್ನು ಎರಡು ತಿಂಗಳಿದೆ ಎಂದು ಅವಳು ಹೇಳಿದ್ದಳು. ಹೋದ ವಾರ ಶೋರೂಮಿಗೆ ಹೋಗಿದ್ದರಂತೆ, ಇಬ್ಬರೂ. ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದಾಗ ಅವನು ಜೇಬಿಗೆ ಕೈ ಹಾಕಲಿಲ್ಲವಂತೆ, ಅವಳ ಕಡೆ ನೋಡಿದನಂತೆ.